ಬಾವಿಯ ಏತ, ಮೈದಾನದ ಕ್ಯಾಮೆರಾ

ಜಯನಗರದ ನಮ್ಮ ಬೀದಿಯ ಹುಡುಗನೊಬ್ಬ ಪಿಯುಸಿ ಪರೀಕ್ಷೆ ಮುಗಿಸಿ ರಜೆಯಲ್ಲಿದ್ದ. ಅಪ್ಪನನ್ನು ಕಾಡಿ ಬೇಡಿ ಒಂದು ಸಣ್ಣ ಕ್ಯಾಮೆರಾ ಕ್ರೇನ್ ತರಿಸಿಕೊಂಡ. ಹತ್ತಿರದ ಮೈದಾನದಲ್ಲಿ ಹುಡುಗಿಯರ ಖೋ ಖೋ ಪಂದ್ಯವಿತ್ತು. ಅದನ್ನು ಚಿತ್ರಿಸಿ, ಕಂಪ್ಯೂಟರಿನಲ್ಲಿ ಬಣ್ಣ ತಿದ್ದಿ, ಸಂಗೀತ ಸೇರಿಸಿ ಎಲ್ಲರಿಗೂ ತೋರಿಸಿದ. ಕ್ಯಾಮೆರಾ ಮರದ ನೆತ್ತಿಯಿಂದ ತೇಲಿ ಇಳಿಯುವುದೇನು, ಮೈದಾನದ ಮಣ್ಣು ಕಿತ್ತಳೆಯಂತೆ ಹೊಳೆಯುವುದೇನು! ಎಲ್ಲರೂ ಚಪ್ಪಾಳೆ ತಟ್ಟಿದರು. ಆಡಿದವರಲ್ಲಿ ಒಬ್ಬ ಹುಡುಗಿ ಮಾತ್ರ ಸುಮ್ಮನಿದ್ದಳು.

'ಅಣ್ಣಾ, ನಾನು ಕಂಬ ಸುತ್ತಿ ಬಂದು ಔಟ್ ಮಾಡಿದ್ನಲ್ಲ, ಅದೆಲ್ಲಿ?' ಎಂದಳು. ಆ ಹೊತ್ತಿಗೆ ಕ್ಯಾಮೆರಾ ಮರದ ಕಡೆ ಏರುತ್ತಿತ್ತು. 'ಮುಖಾನೂ ನಂದಲ್ಲ' ಎಂದಳು. ನಿಜ, ಅವಳ ಎಣ್ಣೆಗೆಂಪು ಮುಖ ಬಿಳಿಚಿಕೊಂಡಿತ್ತು.

ಕ್ರೀಡಾ ವಿಡಿಯೋ ಮಾಡಹೊರಟವರು ಕಲಿಯಬೇಕಾದ ಪಾಠ ಈ ಎರಡು ದೂರುಗಳಲ್ಲೇ ಇದೆ.

ಮೊದಲು ಕ್ರೇನಿನ ಮಾತು. ಹಳ್ಳಿಯ ಬಾವಿಯಲ್ಲಿ ಏತ ನೋಡಿದವರಿಗೆ ಇದು ಹೊಸದೇನಲ್ಲ. ನೆಟ್ಟ ಕಂಬ, ಅದರ ಮೇಲೆ ತೂಗುವ ಉದ್ದನೆಯ ಗಳ, ಒಂದು ತುದಿಗೆ ಕೊಡ, ಇನ್ನೊಂದು ತುದಿಗೆ ಭಾರದ ಕಲ್ಲು. ಕೊಡದ ಜಾಗದಲ್ಲಿ ಕ್ಯಾಮೆರಾ ಇಡಿ, ಕಲ್ಲಿನ ಜಾಗದಲ್ಲಿ ಕಬ್ಬಿಣದ ಬಿಲ್ಲೆ ಇಡಿ, ಕ್ರೇನ್ ಸಿದ್ಧ. ಪಠ್ಯಪುಸ್ತಕದ ಸನ್ನೆಕೋಲಿನ ಲೆಕ್ಕವೇ ಇಲ್ಲಿಯೂ. ಆಧಾರದಿಂದ 2 ಮೀಟರ್ ದೂರದಲ್ಲಿ 1 ಕಿಲೋ ಕ್ಯಾಮೆರಾ ಇದ್ದರೆ, ಈಚೆ ಅರ್ಧ ಮೀಟರ್ ದೂರದಲ್ಲಿ 4 ಕಿಲೋ ಭಾರ ಬೇಕು. ಗಳದ ಸ್ವಂತ ತೂಕಕ್ಕೆ ಇನ್ನಷ್ಟು ಸೇರಿಸಬೇಕು.

ಹೆತ್ತವರು ಇಲ್ಲಿ ಸ್ವಲ್ಪ ಗಮನ ಕೊಡಬೇಕು. ಕ್ರೇನ್ ಕಳಚುವಾಗ ಮೊದಲು ಭಾರ ಇಳಿಸಬೇಕು, ಆಮೇಲೆ ಕ್ಯಾಮೆರಾ ಬಿಚ್ಚಬೇಕು. ಅವಸರದಲ್ಲಿ ಕ್ಯಾಮೆರಾ ಮೊದಲು ಬಿಚ್ಚಿದರೆ ಭಾರದ ತುದಿ ಧಡಕ್ಕನೆ ಕೆಳಗಿಳಿದು, ಇನ್ನೊಂದು ತುದಿ ಮೇಲೆ ಚಿಮ್ಮಿ ಮುಖಕ್ಕೆ ಹೊಡೆದೀತು. ಮೇಲೆ ವಿದ್ಯುತ್ ತಂತಿ ಹಾದುಹೋಗಿರುವ ಕಡೆ ಕ್ರೇನ್ ನಿಲ್ಲಿಸಲೇಕೂಡದು. ಓಡುವ ಮಕ್ಕಳು ಗೆರೆ ದಾಟಿ ಬರುತ್ತಾರೆ. ಗಳದ ಉದ್ದಕ್ಕಿಂತ ಹೆಚ್ಚು ದೂರದಲ್ಲಿ ಕ್ರೇನ್ ಇರಲಿ.

ಇಷ್ಟಕ್ಕೂ ಎತ್ತರವೇಕೆ? ಖೋ ಖೋದಲ್ಲಿ ಎಂಟು ಮಂದಿ ಒಂದೇ ಸಾಲಿನಲ್ಲಿ, ಒಬ್ಬರು ಆಚೆಗೆ ಒಬ್ಬರು ಈಚೆಗೆ ಮುಖಮಾಡಿ ಕುಳಿತಿರುತ್ತಾರೆ. ಒಂಬತ್ತನೆಯವರು ಅಟ್ಟುತ್ತಾರೆ, ಎದುರಾಳಿಗಳಲ್ಲಿ ಮೂವರು ಓಡುತ್ತಾರೆ. ನೆಲದ ಮಟ್ಟದಲ್ಲಿ ನಿಂತರೆ ಒಬ್ಬರು ಇನ್ನೊಬ್ಬರನ್ನು ಮರೆಮಾಡುತ್ತಾರೆ. ಕಂಬದ ಹಿಂದೆ ಎಂಟು ಹತ್ತು ಅಡಿ ಎತ್ತರದಿಂದ ನೋಡಿದರೆ ಖೋ ಕೊಟ್ಟವರು ಯಾರು, ಎದ್ದವರು ಯಾರು, ಓಟಗಾರ್ತಿ ಯಾವ ಸಂದಿಯಲ್ಲಿ ನುಸುಳಿದಳು ಎಲ್ಲವೂ ಬಿಡಿಬಿಡಿಯಾಗಿ ಕಾಣುತ್ತದೆ. ಎತ್ತರ ಬೇಕಾದದ್ದು ಇದಕ್ಕೆ. ಆಟ ನಡೆಯುವಾಗ ಕ್ರೇನ್ ಅಲುಗದೆ ನಿಂತಿರಲಿ. ಏರಿಳಿಯುವ ಚಂದವೆಲ್ಲ ಆಟದ ಮೊದಲಿಗೆ, ಕೊನೆಗೆ. ಕ್ರೇನ್ ಕೊಳ್ಳುವ ಶಕ್ತಿಯಿಲ್ಲವೇ? ಶಾಲೆಯ ಮೊದಲ ಮಹಡಿಯ ವರಾಂಡ ಧರ್ಮಕ್ಕೇ ಸಿಗುವ ಕ್ರೇನ್.

ಇನ್ನು ಬಣ್ಣ. ಬೆಳಗಿನ ಬಿಸಿಲು ಹಳದಿ, ಮರದ ನೆರಳು ನೀಲಿ, ನಮ್ಮ ಕೆಮ್ಮಣ್ಣು ಬಿಳಿ ಸಮವಸ್ತ್ರಕ್ಕೂ ತನ್ನ ಕೆಂಪು ಹಚ್ಚುತ್ತದೆ. ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಗಳಿಗೆಗೊಮ್ಮೆ ಬಣ್ಣ ಬದಲಿಸುತ್ತದೆ. ಆಟದ ಜಾಗದ ಬೆಳಕಿನಲ್ಲೇ ಬಿಳಿ ಹಾಳೆ ಹಿಡಿದು, ವೈಟ್ ಬ್ಯಾಲೆನ್ಸ್ ಗೊತ್ತುಮಾಡಿ, ಬೆಳಕು ಬದಲಾಗುವವರೆಗೆ ಅದನ್ನು ಮುಟ್ಟಬೇಡಿ. ರಾತ್ರಿ ಪಂದ್ಯವಾದರೆ ಇನ್ನೊಂದು ತೊಡಕು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಹಲವು ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಕಣ್ಣಿಗೆ ಕಾಣದ ಈ ಮಿನುಗು ಕ್ಯಾಮೆರಾಗೆ ಕಂಡೀತು. ಷಟರ್ ವೇಗ 1/50 ಅಥವಾ 1/100 ಇಟ್ಟರೆ ಸಾಮಾನ್ಯವಾಗಿ ಈ ಕಾಟ ತಪ್ಪುತ್ತದೆ.

ಮೈಸೂರಿನಲ್ಲಿ 1923ರಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತ ವಿ.ಕೆ. ಮೂರ್ತಿಯವರು 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ತಿರುಗಿಸಿ ಸ್ಟುಡಿಯೋದೊಳಗೆ ಬೆಳಕಿನ ಕೋಲನ್ನೇ ಇಳಿಸಿದರು. ಆಮೇಲೆ ಸರಿಮಾಡೋಣ ಎನ್ನಲು ಅವರ ಮುಂದೆ ಕಂಪ್ಯೂಟರ್ ಇರಲಿಲ್ಲ. 2008ರ ಫಾಲ್ಕೆ ಪ್ರಶಸ್ತಿ ಪಡೆದ ಅವರ ಕೆಲಸದಿಂದ ನಮ್ಮ ಹುಡುಗರು ಕಲಿಯಬೇಕಾದದ್ದು ಇದು: ಬೆಳಕಿನ ಚಿಂತೆ ಚಿತ್ರಿಸುವಾಗಲೇ ಮುಗಿಯಬೇಕು. ಬಿಸಿಲಿಗೆ ಪೂರ್ತಿ ಬೆಳ್ಳಗಾಗಿಹೋದ ಅಂಗಿಯ ನೆರಿಗೆಯನ್ನು ಯಾವ ತಂತ್ರಾಂಶವೂ ಮರಳಿ ತಾರದು.

ಉಳಿದದ್ದನ್ನು ಕಂಪ್ಯೂಟರಿನಲ್ಲಿ ತಿದ್ದಬಹುದು. ಡವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯೇ ಇದಕ್ಕೆ ಸಾಕು. ಮೂರು ಪ್ರಶ್ನೆ ಕೇಳಿಕೊಳ್ಳಿ. ಸುಣ್ಣದ ಗೆರೆ ಬಿಳಿಯಾಗಿದೆಯೇ? ಎರಡು ತಂಡದ ಅಂಗಿಗಳು ಬೇರೆಬೇರೆಯಾಗಿ ಕಾಣುತ್ತವೆಯೇ? ಮುಖಗಳು ಇದ್ದ ಹಾಗೇ ಇವೆಯೇ? ಮೂರಕ್ಕೂ ಹೌದೆಂದರೆ ಕೆಲಸ ಮುಗಿಯಿತು. ಕಪ್ಪು ಮುಖವನ್ನು ಬೆಳ್ಳಗೆ ಮಾಡುವುದು ಬಣ್ಣ ತಿದ್ದುವ ಕೆಲಸವಲ್ಲ. 'ನೀನು ಇದ್ದ ಹಾಗೆ ಚೆನ್ನಾಗಿಲ್ಲ' ಎಂದು ಆ ಮಗುವಿಗೆ ಹೇಳಿದ ಹಾಗೆ.

ನಮ್ಮ ಬೀದಿಯ ಹುಡುಗ ಜಾಣ. ಮುಂದಿನ ಪಂದ್ಯಕ್ಕೆ ಕ್ರೇನನ್ನು ಕಂಬದ ಹಿಂದೆ ಅಲುಗದಂತೆ ನಿಲ್ಲಿಸಿದ, ಬಣ್ಣಕ್ಕೆ ಹೆಚ್ಚು ಕೈಹಾಕಲಿಲ್ಲ. ಈ ಸಲ ಚಪ್ಪಾಳೆ ಕಡಿಮೆ. ಆದರೆ ಆ ಹುಡುಗಿ ಎದ್ದು ಪರದೆಯ ಹತ್ತಿರ ಹೋಗಿ, 'ಇಲ್ನೋಡಿ, ಇಲ್ಲಿ ಏಳೋದು ತಡ ಮಾಡಿದೀನಿ. ಅಣ್ಣಾ, ಇನ್ನೊಂದ್ಸಲ ಹಾಕಿ' ಎಂದಳು.