‘ನೈಸು’ ತಪ್ಪು ಇಂಗ್ಲಿಷೇ?

ರಾಜಾಜಿನಗರದ ಹಿಟ್ಟಿನ ಗಿರಣಿಯಲ್ಲಿ ರಾಗಿಯ ಡಬ್ಬಿಯನ್ನು ಮುಂದಿಡುವವರು ‘ನೈಸಾಗಿ ಬೀಸಿ’ ಎನ್ನುತ್ತಾರೆ. ಅಡುಗೆಮನೆಯಲ್ಲಿ ಮಸಾಲೆಯನ್ನು ನೈಸಾಗಿ ರುಬ್ಬುತ್ತಾರೆ. ಸಾಲ ಬೇಡುವವನು ನೈಸಾಗಿ ಮಾತನಾಡುತ್ತಾನೆ, ತೀರಿಸುವ ದಿನ ನೈಸಾಗಿ ಜಾರಿಕೊಳ್ಳುತ್ತಾನೆ. ಇಂಗ್ಲಿಷ್ ಬಲ್ಲವರು ಇದನ್ನು ಕೇಳಿ ನಗುವುದುಂಟು. ‘ನೈಸ್’ ಎಂದರೆ ಹಿತವಾದದ್ದು; ಹಿಟ್ಟಿನ ನುಣುಪಿಗೂ ಜಾರಿಕೊಳ್ಳುವ ಜಾಣತನಕ್ಕೂ ಅದನ್ನು ಹಚ್ಚುವುದು ಅಪಪ್ರಯೋಗವೆಂಬುದು ಅವರ ವಾದ. ಈ ನಗೆಗೆ ಆಧಾರವಿಲ್ಲ.

ಮೂಲಾರ್ಥವೇ ಪ್ರಮಾಣವೆನ್ನುವುದಾದರೆ ಮೊದಲು ತಪ್ಪಿತಸ್ಥರಾಗುವವರು ಇಂಗ್ಲಿಷರು. ಆ ಪದದ ಮೂಲ ಲ್ಯಾಟಿನ್ನಿನ ‘ನೆಸ್ಕಿಯುಸ್’, ಅಂದರೆ ಅರಿಯದವನು, ಅಜ್ಞ. ಅದರ ‘ನೆ’ ಸಂಸ್ಕೃತದ ನಿಷೇಧಾರ್ಥಕ ‘ನ’ಕಾರದ ಬಂಧು, ಉಳಿದದ್ದು ‘ಅರಿ’ ಎಂಬರ್ಥದ ಧಾತು, ‘ಸೈನ್ಸ್’ ಎಂಬ ಮಾತೂ ಅದರಿಂದಲೇ ಬಂದದ್ದು. ಹಳೆಯ ಫ್ರೆಂಚಿನ ಮೂಲಕ 1300ರ ಸುಮಾರಿಗೆ ಇಂಗ್ಲಿಷಿಗೆ ಬಂದಾಗ ಅದು ಮೂಢನನ್ನು ಸೂಚಿಸುತ್ತಿತ್ತು. ಮುಂದೆ ಸ್ವೈರಿ, ಅತಿಯಾಗಿ ಆರಿಸಿ ನೋಡುವವನು, ಸೂಕ್ಷ್ಮ, ನಿಖರ ಎಂದೆಲ್ಲ ಅಲೆದು, ಹಿತಕರವೆಂಬ ಅರ್ಥದಲ್ಲಿ ನೆಲೆಗೊಂಡದ್ದು 18ನೆಯ ಶತಮಾನದಲ್ಲಿ. ಆಗಲೂ ಆಕ್ಷೇಪ ತಪ್ಪಲಿಲ್ಲ. ಜೇನ್ ಆಸ್ಟೆನ್ನಳ ‘ನಾರ್ಥ್ಯಾಂಗರ್ ಅಬ್ಬಿ’ಯಲ್ಲಿ ಹೆನ್ರಿ ಟಿಲ್ನಿ, ಎಲ್ಲಕ್ಕೂ ಒದಗುವ ಮಾತಾಯಿತೆಂದು ಅದನ್ನು ಗೇಲಿ ಮಾಡುತ್ತಾನೆ.

ಶಬ್ದಾರ್ಥದ ಈ ತೊಡಕನ್ನು ಜೈನ ತಾರ್ಕಿಕರು ಬಹು ಹಿಂದೆಯೇ ಬಿಡಿಸಿದ್ದರು. ‘ಗೋ’ ಶಬ್ದಕ್ಕೆ ವಾಕ್ಕು ಮೊದಲಾದ ಹಲವು ಅರ್ಥಗಳಿದ್ದರೂ ಅದು ಪಶುವಿನಲ್ಲಿ ರೂಢವಾಗಿದೆ ಎಂಬುದು ಸಮಭಿರೂಢನಯ. ನಡೆಯುವಾಗ ಮಾತ್ರ ಅದು ಗೋ, ನಿಂತಾಗ ಅಲ್ಲ, ಮಲಗಿದಾಗಲೂ ಅಲ್ಲ ಎಂಬುದು ಏವಂಭೂತನಯ. ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಕೊಡುವ ಈ ಉದಾಹರಣೆಗಳು ಇಂದಿನ ನಿಘಂಟುಕಾರರಿಗೂ ಪಾಠವಾಗಬಲ್ಲವು. ಎರಡೂ ನಯಗಳೇ, ಒಂದನ್ನೇ ಹಿಡಿದು ಇನ್ನೊಂದನ್ನು ಅಲ್ಲಗಳೆದರೆ ದುರ್ನಯ. ಗಿರಣಿಯ ‘ನೈಸು’ ಕನ್ನಡದಲ್ಲಿ ರೂಢವಾದ ಪದ. ಅದನ್ನು ಅದರ ಹುಟ್ಟೂರಿನ ಅರ್ಥದಿಂದಲೇ ಅಳೆಯುವುದು ಎರಡನೆಯ ಬಗೆಯ ತಪ್ಪು.

ಈ ರೂಢಿಗೆ ಕಾರಣ ಬಹುಶಃ ‘ನಯ’ ಶಬ್ದವೇ. ಕನ್ನಡದಲ್ಲಿ ನಯವೆಂದರೆ ನುಣುಪು, ಸೌಜನ್ಯ. ‘ನಯವಂಚಕ’ನಲ್ಲಿ ಮೋಸದ ಹೊಳಪೂ ಇದೆ. ಉಚ್ಚಾರದಲ್ಲಿ ಸಮೀಪವಾದ ಪರದೇಶಿ ಪದ ಈ ಸಿದ್ಧವಾದ ಅಚ್ಚಿಗೆ ಬಿದ್ದಿತು. ‘ನಯಂ’ ಇರುವ ತಮಿಳಿನವರೂ ಹಿಟ್ಟನ್ನು ‘ನೈಸಾ’ ಅರೆಯುತ್ತಾರೆಂಬುದು ಗಮನಾರ್ಹ. ಹಾಗೆಂದು ‘ನೈಸು’ ‘ನಯ’ದಿಂದಲೇ ಹುಟ್ಟಿತೆಂದು ಬರೆಯುವ ಉತ್ಸಾಹವನ್ನು ವಿದ್ಯಾರ್ಥಿಗಳು ತಡೆಯಬೇಕು: ‘ನಯ’ ಬಂದದ್ದು ಒಯ್ಯುವುದೆಂಬ ಅರ್ಥದ ‘ನೀ’ ಧಾತುವಿನಿಂದ, ‘ನೈಸ್’ ಅಜ್ಞಾನದಿಂದ. ಇನ್ನು ಕೆಂಗೇರಿಯ ಬಳಿ ಹಾಯುವ ‘ನೈಸ್ ರಸ್ತೆ’ಯನ್ನು ಇಲ್ಲಿಗೆ ಎಳೆತರಬೇಕಾಗಿಲ್ಲ, ಅದು ನಂದಿ ಇನ್‌ಫ್ರಾಸ್ಟ್ರಕ್ಚರ್ ಕಾರಿಡಾರ್ ಎಂಟರ್‌ಪ್ರೈಸಸ್ ಎಂಬ ಹೆಸರಿನ ಆದ್ಯಕ್ಷರಗಳ ಕೂಟ.

ಆದ್ದರಿಂದ ಕನ್ನಡ ನಿಘಂಟಿನಲ್ಲಿ ‘ನೈಸು’ಗೆ ‘ಇಂಗ್ಲಿಷ್ ಪದ’ ಎಂಬ ಗುರುತು ಸಾಲದು. ನುಣ್ಣಗಿರುವುದು, ಮೃದುವಾದ ಮಾತು, ಉಪಾಯದ ನಡೆ ಎಂಬ ಮೂರೂ ಅರ್ಥಗಳು, ಗಿರಣಿಯ ಮತ್ತು ಬೀದಿಯ ಪ್ರಯೋಗಗಳೊಡನೆ, ಅಲ್ಲಿ ಅಚ್ಚಾಗಬೇಕು.