ಶಿಕ್ಷೆ ಹುಡುಗನಿಗೆ, ಕಪ್ಪು ಕಾಲೇಜಿಗೆ

ಹಲಸೂರಿನ ಗೌತಮಪುರದಲ್ಲಿ ಅಂಬೇಡ್ಕರರ ಪ್ರತಿಮೆಯ ಜೊತೆಗೆ ಬ್ರೆಜಿಲಿನ ಪೆಲೆಯ ಪ್ರತಿಮೆಯೂ ಇದೆ. ಕೂಲಿಕಾರರ ಕೇರಿಯೊಂದು ತನ್ನ ಮಕ್ಕಳ ಕಾಲಿನ ಮೇಲೆ ಇಟ್ಟಿರುವ ನಂಬಿಕೆ ಅದು. ನಂಬಿಕೆ ಹುಸಿಯಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ಗೋರಾ ಪಲ್ಟನುಗಳ ರೋವರ್ಸ್ ಕಪ್ಪನ್ನು ಗೆದ್ದು ತಂದಿತು. ಈ ಊರಿನ ಅಹಮದ್ ಖಾನ್ 1948 ಮತ್ತು 1952ರ ಒಲಿಂಪಿಕ್ಸ್‌ನಲ್ಲಿ ಆಡಿದರು; ಅವರನ್ನು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬು ಕರೆದುಕೊಂಡು ಹೋಯಿತು. ಒಳ್ಳೆಯ ಕಾಲಿಗೆ ಗಿರಾಕಿ ಅಂದೂ ಇದ್ದ, ಇಂದೂ ಇದ್ದಾನೆ.

ಇಂದಿನ ಗಿರಾಕಿಗಳಲ್ಲಿ ಕಾಲೇಜೂ ಒಂದು. ಕ್ರೀಡಾ ಕೋಟಾದ ಸೀಟು, ಫೀಜಿನಲ್ಲಿ ರಿಯಾಯಿತಿ ಎಂದು ಹುಡುಗನನ್ನು ಕರೆಯುತ್ತಾರೆ. ಅಂತರ ವಿಶ್ವವಿದ್ಯಾಲಯ ಪಂದ್ಯಗಳಿಗೆ ಕಾನೂನಿದೆ: ಆಡುವವನು ಪೂರ್ಣಾವಧಿ ವಿದ್ಯಾರ್ಥಿಯಾಗಿರಬೇಕು, 25 ವಯಸ್ಸು ಮೀರಿರಬಾರದು, ಪೂರ್ಣ ನೌಕರಿಯಲ್ಲಿರಬಾರದು. ನುರಿತ ಆಟಗಾರನನ್ನು ಕೊಂಡುತಂದು ವಿದ್ಯಾರ್ಥಿಯ ವೇಷ ಹಾಕಿಸಬಾರದೆಂಬುದು ಇದರ ಉದ್ದೇಶ. ಕಾನೂನು ಸರಿಯೇ. ಆದರೆ ಅದು ಹುಡುಗನ ಜನ್ಮಪತ್ರ ಕೇಳುತ್ತದೆಯೇ ಹೊರತು, ಅವನಿಗೆ ಪಾಠ ಹೇಳಿದಿರಾ ಎಂದು ಕಾಲೇಜನ್ನು ಕೇಳುವುದಿಲ್ಲ. ಹಾಜರಿ ಪುಸ್ತಕವಿದೆಯಲ್ಲ ಎನ್ನುವಿರಿ. ಮೇಷ್ಟರಾಗಿ ಹಾಜರಿ ಬರೆದ ಕೈ ನಮ್ಮದು. ಇಲ್ಲದವನನ್ನು ಇದ್ದಾನೆಂದು ಬರೆಯುವುದು ಎಷ್ಟು ಸುಲಭವೆಂದು ಬಲ್ಲೆವು. ಮಂಡಿ ಮುರಿದ ದಿನ ಆ ಹುಡುಗನ ಪಾಡು ಮಿಲ್ಲಿನ ಗೇಟಿನಲ್ಲಿ ನಿಂತ ಬದಲಿ ಕೆಲಸಗಾರನ ಪಾಡೇ.

ಧಣಿಗಳು ಇಂಥದ್ದರಲ್ಲಿ ಹೇಗೆ ನುಣುಚಿಕೊಳ್ಳುತ್ತಾರೆಂಬುದಕ್ಕೆ ಅಮೆರಿಕದ ಕಥೆ ಕೇಳಿ. ಅಲ್ಲಿ ಫುಟ್‌ಬಾಲ್ ಎಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ; ಹೆಸರು ಹಾಗೇಕೋ, ಅವರನ್ನೇ ಕೇಳಬೇಕು. ಡಾಲಸ್ಸಿನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ 13 ಆಟಗಾರರಿಗೆ ಸುಮಾರು 61 ಸಾವಿರ ಡಾಲರು ಗುಟ್ಟಾಗಿ ಸಂದಿತ್ತು. 1987ರಲ್ಲಿ ಕಾಲೇಜು ಕ್ರೀಡಾ ಸಂಸ್ಥೆ ಆ ವರ್ಷದ ಆಟವನ್ನೇ ರದ್ದುಮಾಡಿತು. ಆಟಗಾರರು ದಿಕ್ಕಾಪಾಲಾದರು, ಆ ಅಂಗಳಕ್ಕೇ ಬೇರೆ ಕಾಲೇಜುಗಳ ಕರೆಗಾರರು ಸಂತೆಗೆ ಬಂದಂತೆ ಬಂದಿಳಿದರು. ಹಣ ಮುಂದುವರಿಯಲೆಂದು ತಾವೂ ಒಪ್ಪಿದ್ದಾಗಿ ಆಡಳಿತ ಮಂಡಲಿಯ ಅಧ್ಯಕ್ಷರಾಗಿದ್ದ ಬಿಲ್ ಕ್ಲೆಮೆಂಟ್ಸ್ ಒಪ್ಪಿಕೊಂಡರು. ಅಷ್ಟರಲ್ಲಿ ಅವರು ಟೆಕ್ಸಾಸಿನ ಗವರ್ನರು. 1991ರವರೆಗೂ ಗವರ್ನರಾಗಿಯೇ ಉಳಿದರು. ಇನ್ನೂ ಒಂದು ತಮಾಷೆ: 2025ರಿಂದ ಅಲ್ಲಿನ ಕಾಲೇಜುಗಳು ಆಟಗಾರರಿಗೆ ಬಹಿರಂಗವಾಗಿ ಹಣ ಕೊಡಬಹುದು. ಅಂದು ಮಹಾಪರಾಧವಾಗಿದ್ದುದು ಇಂದು ಕರಾರು!

ದುಡಿದವನಿಗೆ ಕೂಲಿ ಸಲ್ಲುವುದನ್ನು ನಾವು ಎಂದಿಗೂ ತಪ್ಪೆನ್ನೆವು. ಕೂಲಿಯನ್ನು ಕತ್ತಲಲ್ಲಿ ಕೊಟ್ಟು, ಸಿಕ್ಕಿಬಿದ್ದಾಗ ಹುಡುಗನನ್ನು ಮುಂದೆ ತಳ್ಳುವುದೇ ತಪ್ಪು. ಸುಳ್ಳು ದಾಖಲೆಯ ಆಟಗಾರ ಸಿಕ್ಕರೆ ಅವನನ್ನು ಸೇರಿಸಿಕೊಂಡವರು ಯಾರು, ಸಹಿ ಹಾಕಿದವರು ಯಾರು ಎಂದು ವಿಶ್ವವಿದ್ಯಾಲಯ ಮೊದಲು ಕೇಳಬೇಕು. ಆ ಕಾಲೇಜನ್ನು ಪಂದ್ಯದಿಂದ ಹೊರಗಿಡಬೇಕು.

ಅಲ್ಲಿಯವರೆಗೆ ಹಲಸೂರಿನ ತಾಯಿತಂದೆಯರು ಒಂದು ಕೆಲಸ ಮಾಡಲಿ. ಮಗನ ಸೀಟಿಗೆಂದು ಹೋದಾಗ, ಪೆಟ್ಟಾಗಿ ಆಟ ನಿಂತರೂ ಡಿಗ್ರಿ ಮುಗಿಯುವವರೆಗೆ ಫೀಜಿನ ರಿಯಾಯಿತಿ ನಿಲ್ಲದೆಂದು ಪ್ರಿನ್ಸಿಪಾಲರ ಸಹಿ, ಮೊಹರು ಇರುವ ಕಾಗದ ಕೇಳಲಿ. ಬಾಯಿಮಾತು ಸಾಕೆಂದರೆ ಆ ಕಚೇರಿಯಿಂದ ಎದ್ದು ಬರಲಿ.