ಹಲಗೆಗೆ ತಗಡು ಹೊಡೆದರೆ ಹಲಗೆ ಉಳಿಯುತ್ತದೆಯೇ?

ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತಾಗ ನೀರುದೋಸೆಯವರು ಇಳಿಯುತ್ತಾರೆ, ಉಳಿದವರು ಕಿಟಕಿಯಿಂದ ಅಂಗಡಿ ಸಾಲು ನೋಡುತ್ತಾ ಕೂರುತ್ತಾರೆ. ಹಾಗೆ ಕೂತವರಿಗೆ ಗೊತ್ತು: ಮೂಡಿಗೆರೆಯಿಂದ ಕಳಸದವರೆಗೆ ಅಲ್ಲೊಂದು ಇಲ್ಲೊಂದು ಉಳಿದಿರುವ ಹಳೇ ಹಲಗೆ ಗೋಡೆಗಳಿಗೆ ಈಗ ಒಂದೇ ಮದ್ದು. ಹಲಗೆ ಕೊಳೆಯಿತೋ, ಮೇಲೊಂದು ತಗಡು ಹೊಡಿ. ತಗಡಿಗೆ ದುಡ್ಡಿಲ್ಲವೋ, ಚುನಾವಣೆಯ ಹಳೇ ಫ್ಲೆಕ್ಸ್ ಬಿಗಿ. ಮುಂದೆ ನಾಯಕರು ಕೈಮುಗಿದು ನಗುತ್ತಿರುತ್ತಾರೆ, ಹಿಂದೆ ಹಲಗೆ ಕೊಳೆಯುತ್ತಿರುತ್ತದೆ.

ನಾನೂ ಇದೇ ದಡ್ಡತನ ಮಾಡಿದವನೇ. ನಮ್ಮ ಜಗಲಿಯ ಪಡುವಣ ಗೋಡೆ ಹಲಗೆಯದು. ಆಷಾಢದ ಇರಚಲು ನೇರ ಅದಕ್ಕೇ. ಎರಡು ಮಳೆಗಾಲದ ಹಿಂದೆ ಪ್ಲಾಸ್ಟಿಕ್ ಹಾಳೆ ಬಿಗಿದು ನೆಮ್ಮದಿಯಾಗಿ ಮಲಗಿದೆ. ಈ ಬೇಸಿಗೆಯಲ್ಲಿ ಬಿಚ್ಚಿದರೆ ಬುಡದ ಒಂದಡಿ ಹಲಗೆ ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಕೈಗೆ ಬಂತು. ಆಚಾರಿ ನಕ್ಕರು: "ಮಳೆ ಬಿದ್ದು ಹಾಳಾಗಿದ್ದಲ್ಲ ಮಾರಾಯ್ರೆ, ಒಣಗ್ಲಿಕ್ಕೆ ನೀವು ಬಿಡ್ಲಿಲ್ಲ."

ವಿಷಯ ಅಷ್ಟೇ. ಮರ ನೆನೆಯಲಿ, ಆದರೆ ಆರಬೇಕು. ತೇವ ನೂರಕ್ಕೆ 20ರ ಕೆಳಗಿದ್ದರೆ ಕೊಳೆಸುವ ಬೂಷ್ಟು ಬೆಳೆಯದು. ಮೊಳೆ ತೂತಿನಿಂದ ಇಳಿದ ನೀರು ತಗಡಿನ ಹಿಂದೆ ಗಾಳಿಯಿಲ್ಲದೆ ಅಲ್ಲೇ ಕೂರುತ್ತದೆ. ಹಲಗೆಯ ಮೈಗಿಂತ ಕೊಯ್ದ ತುದಿ ಹೆಚ್ಚು ನೀರು ಕುಡಿಯುತ್ತದೆ. ಜೊತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಎತ್ತರ, ಅಂಗಡಿ ತಗ್ಗು. ಹೋಗುವ ಪ್ರತಿ ಬಸ್ಸೂ ಆ ಬುಡಕ್ಕೇ ಕೆಸರು ಎರಚುತ್ತದೆ.

ಹಿರಿಯರು ಮಳೆಗೆ ಮುಂಚೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಇರಚಲು ತಟ್ಟಿಗೆ, ಗಾಳಿ ಹಲಗೆಗೆ. ಮಳೆ ಮುಗಿದ ಮೇಲೆ ಬಿಚ್ಚುತ್ತಿದ್ದರು. ಅವರಿಗೆ ತಿಳಿದಿದ್ದು ನಮಗೆ ಮರೆತುಹೋಯಿತು.

ಮಾಡಬೇಕಾದ್ದು ದೊಡ್ಡದೇನಲ್ಲ. ಏಪ್ರಿಲ್-ಮೇ ಬಿಸಿಲಲ್ಲಿ ಬುಡಕ್ಕೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಮೆತ್ತಗಿದ್ದಷ್ಟನ್ನು ಮಾತ್ರ ಕೊಯ್ದು ತೆಗೆಯಿರಿ, ಇಡೀ ಹಲಗೆ ಕೀಳಬೇಡಿ. ಅಂಥ ಹೊನ್ನೆ, ಬೀಟೆ ಹಲಗೆ ಇನ್ನೊಂದು ಸಿಗುವುದು ಕಷ್ಟ. ಹೊಸ ತುಂಡು ಸೇರಿಸುವಾಗ ಕೂಡು ಹೊರಕ್ಕೆ ಇಳಿಜಾರಾಗಿರಲಿ. ಕೆಳಗೆ ಒಂದು ಸಾಲು ಕಲ್ಲು ಕೂರಿಸಿ ಹಲಗೆಯನ್ನು ಗೇಣು ಎತ್ತರಿಸಿ. ಕೊಯ್ದ ತುದಿಗೆ ಗೇರೆಣ್ಣೆ ಎರಡು ಸಲ ಕುಡಿಸಿ. ಚರ್ಮ ಸುಡುತ್ತದೆ, ಬರಿಗೈ ಬೇಡ. ಸುಟ್ಟ ಆಯಿಲ್ ಬಳಿದರೆ ಮುಂದೆ ಬಣ್ಣ ಹಿಡಿಯದು. ಒದ್ದೆ ಮರಕ್ಕೆ ಬಣ್ಣ ಹೊಡೆದರೆ ಗುಳ್ಳೆ ಏಳುತ್ತದೆ.

ಈಗ ಅಸಲು ಜಗಳ: ದುಡ್ಡು ಯಾರದು? "ಬಾಡಿಗೆಯವನು ಮಾಡಿಸಲಿ" ಎನ್ನುತ್ತಾನೆ ಮಾಲೀಕ. "ಕಟ್ಟಡ ನನ್ನದೇನ್ರೀ?" ಎನ್ನುತ್ತಾನೆ ಅಂಗಡಿಯವನು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಇದಕ್ಕೆ ದಾರಿ ಹೇಳಿದೆ. ಮಾಲೀಕ ಮಾಡಿಸಲೇಬೇಕಾದ ರಿಪೇರಿಯನ್ನು ನೋಟೀಸು ಕೊಟ್ಟರೂ ತಕ್ಕ ಅವಧಿಯಲ್ಲಿ ಮಾಡಿಸದಿದ್ದರೆ, ಬಾಡಿಗೆದಾರನೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ಯಾವ ರಿಪೇರಿ ಯಾರದೆಂದು ಕರಾರು ಪತ್ರದಲ್ಲಿ ಬರೆದಿರಬೇಕು. ಬಾಯಿಮಾತಿನ ಕರಾರು ಮಳೆ ನಿಲ್ಲುವ ಮುಂಚೆಯೇ ಮರೆತುಹೋಗುತ್ತದೆ. ನನ್ನ ಕೇಳಿದರೆ ಅರ್ಧ ಅರ್ಧ ಹಾಕಿಕೊಳ್ಳುವುದೇ ವಾಸಿ. ವಕೀಲರ ಫೀಸಿಗಿಂತ ಆಚಾರಿ ಕೂಲಿ ಅಗ್ಗ.

ಜಡಿಮಳೆಯಲ್ಲಿ ಬಸ್ಸಿಗೆ ಕಾಯುವ ಹೆಂಗಸರು ಮಕ್ಕಳು ಒರಗಿ ನಿಲ್ಲುವುದು ಇದೇ ಗೋಡೆಗೆ. ಅದು ಕುಸಿದ ಮೇಲೆ ಜಗಳ ಬಗೆಹರಿದು ಪ್ರಯೋಜನವಿಲ್ಲ. ಮಳೆ ಹಿಡಿಯುವ ಮುಂಚೆ ನಾಯಕರನ್ನು ಗೋಡೆಯಿಂದ ಕೆಳಗಿಳಿಸಿ, ಹಿಂದೆ ಎಂತ ಉಂಟು ಅಂತ ಒಮ್ಮೆ ನೋಡಿ ಸ್ವಾಮಿ.